ತಗಡಿನ ಗದೆಯ ಸಾಂದ್ರತೆ

ಗುಬ್ಬಿ
೨೦ ಜನವರಿ ೨೦೨೫

ಬನ್ನಿ ಮಹಾಜನಗಳೇ, ಬನ್ನಿ! ಮುಂದಿನ ಚಾಪೆಯವರು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ! ಕುರ್ಚಿಯ ಹಿರಿಯರು ಪೇಟ ತೆಗೆದು ಹಿಂದಿನವರಿಗೆ ದಾರಿ ಮಾಡಿಕೊಡಿ! ಹೆಬ್ಬೂರಿನಿಂದ ಟೆಂಪೋ ಕಟ್ಟಿಸಿಕೊಂಡು ಬಂದ ತಾಯಂದಿರೇ, ಎಲೆ ಅಡಿಕೆ ಆಮೇಲೆ, ಈಗ ಇತ್ತ ಕಿವಿಗೊಡಿ! ಹಾರ್ಮೋನಿಯಂ ಮೇಷ್ಟ್ರೇ, ಶ್ರುತಿ! ಇದೋ ತೆರೆ ಸರಿಯಿತು!

ಏನು ಮಾಡಲಿ ತಾಯಿ ಇಂಪನಾ? ಕಾಗದ ಬರೆಯಲು ಕೂತರೂ ನನಗೆ ಮೊದಲು ಸಭೆ ಬೇಕು. ಎದುರಿಗೆ ಇರುವವಳು ನೀನೊಬ್ಬಳೇ ಅಂತ ಗೊತ್ತು. ಒಬ್ಬಳೇ ಅನ್ನುವುದಕ್ಕೇ ಈ ಗದ್ದಲ.

ನಿನ್ನ ಕಾಗದ ಬಂತು. ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಫೋನಲ್ಲಾದರೆ ಈ ಅಂಜನಮೂರ್ತಿ ದನಿಯಲ್ಲೇ ಗೆದ್ದುಬಿಡುತ್ತಾನೆ ಅಂತ ಬೆಟ್ಟಸ್ವಾಮಿಯ ಮಗಳಿಗಲ್ಲದೆ ಇನ್ಯಾರಿಗೆ ಗೊತ್ತು? ಎರಡೇ ಸಾಲು ಬರೆದಿದ್ದೀಯ: "ಮಾವ, ಅಪ್ಪನನ್ನು ಕೊನೆಯ ಸಲ ಮೀಯಿಸುವಾಗ ಎಡ ಪಕ್ಕೆಯಲ್ಲಿ ಅಂಗೈಯಗಲ ಕಪ್ಪಗಿತ್ತು. ಆ ದಿನ ನಿಮ್ಮ ಕೈಯಲ್ಲಿದ್ದ ಗದೆ ಯಾವುದು?"

ಕೇಳು ಮಗಳೇ. ನಲವತ್ತು ವರ್ಷ ನಾನೂ ನಿಮ್ಮಪ್ಪನೂ 'ವಜ್ರಕೇತು ಗರ್ವಭಂಗ' ಆಡಿದೆವು. ಅವನು ವಜ್ರಕೇತು, ನಾನು ಚಂಡವಿಕ್ರಮ. ಮೂರನೇ ಅಂಕದ ಗದಾಯುದ್ಧದಲ್ಲಿ ನಾನು ಅವನನ್ನು ಎಷ್ಟು ನೂರು ಸಲ ಬೀಳಿಸಿದೆನೋ! ಅಷ್ಟು ಸಲವೂ ಎದ್ದು ನನ್ನ ಜೊತೆ ತಟ್ಟೆ ಇಡ್ಲಿ ತಿಂದ. ಕಳೆದ ನವೆಂಬರ್ ಹದಿನೇಳನೇ ತಾರೀಕು ಭಾನುವಾರ, ಕುಣಿಗಲ್ಲಿನ ಕಲ್ಯಾಣಮಂಟಪದಲ್ಲಿ ಹಾಡುಹಗಲು ಹನ್ನೊಂದಕ್ಕೆ ತೆರೆ ಎದ್ದಾಗಲೂ ಹಾಗೇ. ನಾಲ್ಕು ದಿನ ಬಿಟ್ಟು ಅವನ ಹೃದಯ ನಿಂತಿತು ಅಂತ ಡಾಕ್ಟರೇ ಬರೆದುಕೊಟ್ಟರಲ್ಲ? ಕಪ್ಪಗಿದ್ದದ್ದು ರಕ್ತ ಇಳಿದ ಗುರುತು. ಹೋದವರಿಗೆಲ್ಲ ಆಗುತ್ತದೆ.

ನಮ್ಮ ಮೇಳದಲ್ಲಿ ಗದೆ ಎರಡು. ಒಂದು ಪೂಜೆ ಗದೆ, ನಮ್ಮ ಗುರುಗಳ ಕಾಲದ ಎರಕ. ನಾಟಕದ ದಿನ ಚೌಕಿಯಲ್ಲಿ, ನಾವು ಬಣ್ಣ ಹಚ್ಚುವ ಕೋಣೆಯಲ್ಲಿ, ಅದಕ್ಕೆ ಕುಂಕುಮ ಹೂವು ಏರಿಸಿ ಕಾಯಿ ಒಡೆಯುತ್ತೇವೆ. ಅದು ರಂಗ ಹತ್ತಬಾರದು ಅನ್ನುವುದು ಗುರುಗಳ ಕಟ್ಟಳೆ. ಇನ್ನೊಂದು ಆಟದ ಗದೆ, ಒಳಗೆ ಟೊಳ್ಳು, ಹೊರಗೆ ತಗಡು. ಎರಡಕ್ಕೂ ಯುಗಾದಿಗೊಮ್ಮೆ ನಾನೇ ಒಂದೇ ಡಬ್ಬದ ಚಿನ್ನದ ಬಣ್ಣ ಬಳಿಯುತ್ತೇನೆ. ಆ ದಿನ ನನ್ನ ಕೈಯಲ್ಲಿದ್ದದ್ದು ತಗಡಿನ ಗದೆ. ತಗಡಿನದೇ! ತಗಡಿನದೇ!

ನೋಡು, ಮೂರು ಸಲ ಹೇಳಿದೆ. ರಂಗದ ಅಭ್ಯಾಸ.

ಇಂತಿ ನಿನ್ನ
ಅಂಜನಮೂರ್ತಿ ಮಾವ

ಮರೆತಿದ್ದೆ: ಈಚೆಗೆ ನಿಮ್ಮಪ್ಪ ಬರುತ್ತಾನೆ. ಮಧ್ಯಾಹ್ನ ಊಟವಾಗಿ ಕಣ್ಣು ಎಳೆಯುವ ಹೊತ್ತು, ನಡುಮನೆಯ ಬಾಗಿಲ ಪಕ್ಕ, ಪ್ರವೇಶಕ್ಕೆ ಕಾಯುವ ನಟನ ಹಾಗೆ ಅರ್ಧ ಮರೆಯಲ್ಲಿ ನಿಂತಿರುತ್ತಾನೆ. ಮಾತಾಡುವುದಿಲ್ಲ. ಬಹುಶಃ ನಾನು ಕೊಡಬೇಕಾದ ಮಾತು ಯಾವುದೋ ಬಾಕಿ ಇದೆ.

*

ತುಮಕೂರು
೨೯ ಜನವರಿ ೨೦೨೫

ಅಂಜನಮೂರ್ತಿ ಮಾವನವರಿಗೆ ನಮಸ್ಕಾರ.

ಯಾರೋ ಮೊಬೈಲಿನಲ್ಲಿ ತೆಗೆದ ಆ ದಿನದ ವಿಡಿಯೋ ನನ್ನ ಹತ್ತಿರ ಇದೆ. ಗದಾಯುದ್ಧ ಮುಗಿದ ಮೇಲೆ ನೀವು ಗದೆಯನ್ನು ನೆಲಕ್ಕೆ ಎಸೆಯುತ್ತೀರಿ. ಚಿಕ್ಕವಳಿದ್ದಾಗ ಆ ತಗಡಿನ ಗದೆಯನ್ನು ಹೆಗಲಿಗೇರಿಸಿಕೊಂಡು ನಿಮ್ಮ ಅಂಗಳದಲ್ಲೆಲ್ಲ ಓಡಾಡಿದವಳು ನಾನು. ಬಿದ್ದರೆ ಅದು ಪುಟಿಯುತ್ತಿತ್ತು. ವಿಡಿಯೋದಲ್ಲಿ ಪುಟಿಯುವುದಿಲ್ಲ. ಹಲಗೆ ಅದುರುತ್ತದೆ, ತಬಲದವರು ತಿರುಗಿ ನೋಡುತ್ತಾರೆ.

ನಾನು ಕೆಮಿಸ್ಟ್ರಿ ಪಾಠ ಮಾಡುವವಳು. ವಾದಕ್ಕಿಂತ ತೂಕ ನನಗೆ ಸುಲಭ. ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಕೊಬ್ಬರಿ ಚೀಲ ತೂಗುವ ಕೊಕ್ಕೆಯ ತಕ್ಕಡಿ ಇದೆಯಲ್ಲ, ಆ ದಿನ ನಿಮ್ಮ ಕೈಯಲ್ಲಿದ್ದ ಗದೆಯ ಗುಂಡನ್ನು ಹಿಡಿಯಿಂದ ಕಳಚಿ ಅದಕ್ಕೆ ತೂಗುಹಾಕಿ ಮೊದಲು ಗಾಳಿಯಲ್ಲಿ ತೂಕ ನೋಡಿ. ಆಮೇಲೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಇನ್ನೊಮ್ಮೆ ನೋಡಿ. ನೀರಿನಲ್ಲಿ ಎಷ್ಟು ಕಡಿಮೆಯಾಯಿತೋ ಅದರಿಂದ ಮೊದಲ ತೂಕವನ್ನು ಭಾಗಿಸಿದರೆ ಸಾಂದ್ರತೆ. ಅಂದರೆ ಅಷ್ಟೇ ಜಾಗದ ನೀರಿಗಿಂತ ಅದು ಎಷ್ಟು ಪಟ್ಟು ಭಾರ ಅನ್ನುವುದು.

ಮಕ್ಕಳಿಗೆ ಕೊಡುವ ಆವರ್ತಕ ಕೋಷ್ಟಕದ ಹಾಳೆ ಇಟ್ಟಿದ್ದೇನೆ. ನಡುವಿನ ಹತ್ತು ಮನೆಗಳ ಸಾಲು ನೋಡಿ, ಸಂಕ್ರಮಣ ಲೋಹಗಳು. ಎಡದಿಂದ ಬಲಕ್ಕೆ ಓದಿ: ಸ್ಕ್ಯಾಂಡಿಯಂ ೨.೯೯, ಟೈಟಾನಿಯಂ ೪.೫, ವನಾಡಿಯಂ ೬.೧, ಕ್ರೋಮಿಯಂ ೭.೨, ಮ್ಯಾಂಗನೀಸ್ ೭.೩, ಕಬ್ಬಿಣ ೭.೯, ಕೋಬಾಲ್ಟ್ ೮.೯, ನಿಕ್ಕಲ್ ೮.೯, ತಾಮ್ರ ೮.೯೬. ಕೊನೆಯಲ್ಲಿ ಸತು ಮಾತ್ರ ಸಡಿಲವಾಗಿ ೭.೧ಕ್ಕೆ ಇಳಿಯುತ್ತದೆ. ಒಂದೊಂದು ಮನೆ ದಾಟಿದಂತೆ ಪರಮಾಣುವಿನ ನಡುವೆ ಕೂತ ಬೀಜದ ಸೆಳೆತ ಒಂದು ಪಾಲು ಹೆಚ್ಚುತ್ತದೆ. ಜೊತೆಗೆ ಬರುವ ಎಲೆಕ್ಟ್ರಾನ್ ಒಳಕೋಣೆಯಲ್ಲಿ ಕೂರುತ್ತದೆ, ಆದರೆ ಆ ಸೆಳೆತವನ್ನು ಪೂರ್ತಿ ತಡೆಯಲು ಅದರ ಕೈಯಲ್ಲಿ ಆಗುವುದಿಲ್ಲ. ಹಾಗಾಗಿ ಪರಮಾಣು ತೂಕ ಹೆಚ್ಚಿಸಿಕೊಳ್ಳುತ್ತಲೇ ಮೈ ಕುಗ್ಗಿಸಿಕೊಳ್ಳುತ್ತದೆ. ಹೊರಗಿನಿಂದ ನೋಡಿದವರಿಗೆ ಒಳಗೆಷ್ಟು ಭಾರ ಸೇರಿತು ಅಂತ ತಿಳಿಯುವುದಿಲ್ಲ.

ಅಳತೆ ಕಳಿಸಿ, ಸಾಕು.

ಇಂಪನಾ

*

ಗುಬ್ಬಿ
೧೧ ಫೆಬ್ರವರಿ ೨೦೨೫

ಆಹಾ! ಮಹಾಸಭೆಯೇ, ಕೇಳಿರಿ! ಗುಬ್ಬಿಯ ಗಂಡುಗಲಿ ಅಂಜನಮೂರ್ತಿ ಎಪ್ಪತ್ತರ ವಯಸ್ಸಿನಲ್ಲಿ ವಿಜ್ಞಾನಿಯಾದ ಕಥೆಯ!

ಮಗಳೇ, ನೀನು ಹೇಳಿದಂತೆ ತೂಗಿದೆ. ನಿಮ್ಮ ಅತ್ತೆ ಕದರಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತು, "ನಾಟ್ಕದ್ ಸಾಮಾನ್ಗೆ ಸ್ನಾನ ಮಾಡುಸ್ತಾ ಇದೀರಲ್ಲ, ತಲೆಗಿಲೆ ನೆಟ್ಗಿದ್ಯಾ? ಮೊದ್ಲು ನೀವ್ ಮಾಡ್ಕಳಿ, ಎರಡ್ ದಿನ ಆಯ್ತು" ಅಂದಳು. ಅಂಥ ಸಭೆಯ ಎದುರಿನಲ್ಲೇ ಪ್ರಯೋಗ ಸಾಂಗವಾಯಿತು.

ಗಾಳಿಯಲ್ಲಿ: ೨ ಕೆ.ಜಿ. ೯೯೦ ಗ್ರಾಂ.
ನೀರಿನಲ್ಲಿ: ೧ ಕೆ.ಜಿ. ೯೯೦ ಗ್ರಾಂ.
ಭಾಗಿಸಿದರೆ ೨.೯೯. ನಿನ್ನ ಸಾಲಿನಲ್ಲೆಲ್ಲ ಅತಿ ಹಗುರ! ಹೂವಿನಂಥ ಗದೆ ತಾಯಿ, ಹೂವಿನಂಥ ಗದೆ. ಇನ್ನು ಮನಸ್ಸಿನಿಂದ ಆ ಸಂಶಯ ತೆಗೆದುಹಾಕು.

ಒಂದು ಮಾತು. ನಿನ್ನ ಹಾಳೆಯನ್ನು ಗೋಡೆಗೆ ಅಂಟಿಸಿದ್ದೇನೆ. ದಿನಾ ನೋಡುತ್ತೇನೆ. ಕೆಳಗೆ ಬೇರೆಯಾಗಿ ಎರಡು ಸಾಲು ಇದೆಯಲ್ಲ, ಅವರು ಯಾರು? ರಂಗದ ಮೇಲೆ ಜಾಗವಿಲ್ಲದೆ ಸೈಡ್ ವಿಂಗಿನಲ್ಲಿ ನಿಲ್ಲಿಸಿದ ಹಾಗೆ ಯಾಕೆ ನಿಲ್ಲಿಸಿದ್ದೀರಿ?

ಅಲ್ಲಿ ನಿಂತವರನ್ನು ಕಂಡರೆ ನನಗೆ ಈಗ ಹೆದರಿಕೆ. ಮೊನ್ನೆ ಕಾಫಿ ಲೋಟ ಎತ್ತಿದೆ, ತಕ್ಷಣ ಇಟ್ಟುಬಿಟ್ಟೆ. ಗದೆಯಷ್ಟು ಭಾರ. ಕದರಮ್ಮನಿಗೆ ಕೊಟ್ಟರೆ ಅವಳು ಎರಡೇ ಬೆರಳಲ್ಲಿ ಎತ್ತಿಕೊಂಡು ಹೋದಳು.

ಇಂತಿ
ಅಂಜನಮೂರ್ತಿ ಮಾವ

*

ತುಮಕೂರು
೨೪ ಫೆಬ್ರವರಿ ೨೦೨೫

ಮಾವನವರಿಗೆ,

ವರ್ಷವರ್ಷವೂ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕೆಲವು ಮಕ್ಕಳು ಪ್ರಯೋಗ ಮಾಡುವುದೇ ಇಲ್ಲ. ಉತ್ತರ ಗೊತ್ತಿರುತ್ತದೆ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಅಳತೆ ಬರೆಯುತ್ತಾರೆ. ಅಂಥ ಅಳತೆ ಬಹಳ ನೀಟಾಗಿರುತ್ತದೆ. ನಿಮ್ಮ ಗದೆ ನೀರಿನಲ್ಲಿ ಸರಿಯಾಗಿ ಒಂದೇ ಒಂದು ಕೆ.ಜಿ. ಕಳೆದುಕೊಂಡಿದೆ.

೨.೯೯ ಅಂದರೆ ಸ್ಕ್ಯಾಂಡಿಯಂ. ಅದರ ಒಂದು ಚೂರನ್ನು ನಾನೇ ಈ ವರೆಗೆ ಕಣ್ಣಾರೆ ಕಂಡಿಲ್ಲ. ಗುಬ್ಬಿಯಲ್ಲಿ ಯಾರೂ ಅದರಲ್ಲಿ ಗದೆ ಮಾಡಿಸಿರಲಾರರು. ನೀವು ಸಾಲನ್ನು ನೋಡಿ ಅತಿ ಹಗುರವಾದ ಸಂಖ್ಯೆಯನ್ನು ಆರಿಸಿಕೊಂಡಿರಿ.

ಇನ್ನೊಂದನ್ನು ನಾನು ಬೇಕೆಂದೇ ಹೇಳಿರಲಿಲ್ಲ, ಕ್ಷಮಿಸಿ. ಟೊಳ್ಳು ತಗಡಿನ ಗದೆ ನೀರಿನಲ್ಲಿ ಮುಳುಗುವುದೇ ಇಲ್ಲ. ಬಿಂದಿಗೆಯ ಹಾಗೆ ತೇಲುತ್ತದೆ. ನಿಜವಾಗಿ ತೊಟ್ಟಿಗೆ ಹಾಕಿದ್ದರೆ ನೀವು ಬರೆಯುತ್ತಿದ್ದದ್ದು ಅದೊಂದೇ: "ತೇಲುತ್ತಿದೆ, ಏನು ಮಾಡಲಿ?"

ಕೆಳಗಿನ ಸಾಲಿನ ಬಗ್ಗೆ ಕೇಳಿದ್ದೀರಿ. ಹೇಳುತ್ತೇನೆ. ಕೋಷ್ಟಕದ ನಡುಭಾಗದಲ್ಲಿ ಒಂದರ ಕೆಳಗೊಂದು ಸಾಲು ಇವೆ. ಎರಡನೆಯ ಸಾಲಿನ ಜಿರ್ಕೋನಿಯಂ ಸಾಂದ್ರತೆ ಆರೂವರೆ. ಅದರ ಕೆಳಗೇ ಕೂತ ಹಾಫ್ನಿಯಂ ಹದಿಮೂರು ದಾಟುತ್ತದೆ. ಮೈ ಅಷ್ಟೇ, ಭಾರ ಇಮ್ಮಡಿ. ಅಲ್ಲಿಂದ ಬಲಕ್ಕೆ ಹೋದರೆ ಆಸ್ಮಿಯಂ ಇಪ್ಪತ್ತೆರಡೂವರೆ, ಚಿನ್ನ ಹತ್ತೊಂಬತ್ತು. ಯಾಕೆ ಅಂದರೆ, ಹಾಫ್ನಿಯಂಗೆ ಮೊದಲು ಹದಿನಾಲ್ಕು ಮೂಲವಸ್ತುಗಳು ಬಂದು ಹೋಗಿವೆ. ಹಾಳೆಯಲ್ಲಿ ಜಾಗ ಸಾಲದೆ ಅವನ್ನು ಕೆಳಗೆ ಇಳಿಸಿದ್ದೇವೆ. ಆ ಹದಿನಾಲ್ಕು ಹೆಜ್ಜೆಯಲ್ಲಿ ನಡುವಿನ ಸೆಳೆತ ಹದಿನಾಲ್ಕು ಪಾಲು ಹೆಚ್ಚಿರುತ್ತದೆ. ನಂತರ ಬಂದವರೆಲ್ಲ ಆ ಸೆಳೆತಕ್ಕೆ ಕುಗ್ಗಿಯೇ ಇರುತ್ತಾರೆ. ರಂಗದಲ್ಲಿ ಕಾಣದವರ ಭಾರವನ್ನು ಕಾಣುವವರು ಹೊತ್ತಿದ್ದಾರೆ.

ನಿಮ್ಮನ್ನು ಪೊಲೀಸ್ ಸ್ಟೇಷನ್ ಹತ್ತಿಸುವ ಆಸೆಯಿಂದ ನಾನು ಕೇಳುತ್ತಿಲ್ಲ. ಕುಣಿಗಲ್ಲಿನ ಮನೆಯಲ್ಲಿ ಅಮ್ಮ ಹುರುಳಿಕಾಳು ಮುಟ್ಟುವುದನ್ನು ಬಿಟ್ಟಿದ್ದಾಳೆ. ನಾಟಕದ ಮಾರನೆಯ ದಿನ ಅಪ್ಪನಿಗೆ ಹುರುಳಿ ಸಾರು ಬಡಿಸಿದ್ದಳಂತೆ. ಅದರಿಂದ ಗ್ಯಾಸ್ಟ್ರಿಕ್ ಆಗಿ ಎದೆಗೆ ಹತ್ತಿತು, ಕೈಯಾರೆ ನಾನೇ ಕೊಂದೆ ಅನ್ನುತ್ತಾಳೆ. ಕಳೆದ ವಾರ ನಾನು ಹೋದಾಗ ಸಾರಿನ ಪಾತ್ರೆಯನ್ನು ಹಿತ್ತಿಲಲ್ಲಿ ಹೂಳುತ್ತಿದ್ದಳು. "ಚೆನ್ನಮ್ಮ ಗಂಡನ್ ತಿಂದ್ಕಂಡ್ಲು ಅಂತ ಜನ ಅನ್ನಲ್ಲ ಕಣೇ, ಒಳ್ಳೇವ್ರು. ನಂಗ್ ನಾನೇ ಅಂದ್ಕಬೇಕು" ಅಂದಳು.

ನನಗೆ ಊಹೆ ಇದೆ, ಅಷ್ಟೆ. ಊಹೆಯನ್ನು ಅಮ್ಮನ ಕೈಗೆ ಕೊಡಲಾರೆ. ಅಳತೆ ಇರುವುದು ನಿಮ್ಮ ಹತ್ತಿರ.

ಇಂಪನಾ

*

ಗುಬ್ಬಿ
೨೨ ಏಪ್ರಿಲ್ ೨೦೨೫

ಇಂಪನಾಗೆ ನಿಮ್ಮ ಅತ್ತೆ ಕದರಮ್ಮ ಮಾಡುವ ಆಶೀರ್ವಾದ.

ನಾನ್ ಓದಿರೋದು ಏಳ್ನೇ ಕ್ಲಾಸು, ತಪ್ಪಿದ್ರೆ ನಗಬ್ಯಾಡ ಕಣೇ. ಎರಡ್ ತಿಂಗ್ಳಾಯ್ತು, ನಿನ್ ಕಾಗ್ದ ಬಂದಾಗ್ನಿಂದ ಇವ್ರು ಸರಿಯಾಗ್ ಉಂಡಿಲ್ಲ. ಬೀದಿ ಕೊನೇಗ್ ಕೇಳಂಗೆ ಮಾತಾಡ್ತಿದ್ ಮನುಷ್ಯ ಈಗ ಪಿಸುಗುಟ್ತವ್ರೆ. ಯುಗಾದಿಗೆ ಗದೆಗ್ ಬಣ್ಣ ಬಳೀನೇ ಇಲ್ಲ. ನಾನು, "ಯಾಕ್ರೀ, ಡಬ್ಬ ಒಣಗ್ಹೋಯ್ತಾ?" ಅಂದೆ. "ಮುಟ್ಬ್ಯಾಡ ಅದ್ನ" ಅಂತ ಅರಚ್ಕಂಡ್ರು. ಅದೊಂದೇ ಸಲ ದನಿ ಬಂದಿದ್ದು.

ಆಟದ್ ಗದೆ ಅಟ್ಟದ್ ಮೇಲೆ ಧೂಳ್ ಹಿಡ್ಕಂಡ್ ಬಿದ್ದದೆ. ಪೂಜೆ ಗದೆ ಮಾತ್ರ ಮಂಚದ್ ಕೆಳಗೆ ಗೋಣಿಚೀಲ್ದಲ್ಲಿ. ದೇವ್ರ ಮನೇಲಿ ಇರ್ಬೇಕಾದ್ದು ಮಂಚದ್ ಕೆಳಗ್ಯಾಕೆ ಬಂತು ಅಂತ ನಾನೂ ಕೇಳ್ಳಿಲ್ಲ, ಅವ್ರೂ ಹೇಳ್ಳಿಲ್ಲ. ನಲವತ್ನಾಕ್ ವರ್ಸ ಸಂಸಾರ ಮಾಡಿವ್ನಿ. ಕೇಳ್ದೇ ಇರೋದು ನಂಗೂ ಅಭ್ಯಾಸ ಆಗೋಗದೆ. ಅದೇ ತಪ್ಪಾಯ್ತೇನೋ.

ಮೊನ್ನೆ ಮಧ್ಯಾಹ್ನ ಬಾಗ್ಲು ಕಡೆ ನೋಡ್ಕಂಡು, "ಒಳಿಕ್ ಬಾರ್ಲಾ ಬೆಟ್ಟ, ಎಷ್ಟೊತ್ ನಿಂತಿರ್ತೀಯ" ಅಂದ್ರು. ಅಲ್ಲಿ ಯಾರೂ ಇರ್ನಿಲ್ಲ ಕಣವ್ವ. ಆದ್ರೂ ನಾನೂ ಒಂದ್ ಮಣೆ ಹಾಕ್ದೆ.

ನೀನ್ ಏನ್ ಕೇಳಿದ್ದೀಯೋ ನಂಗ್ ಗೊತ್ತಿಲ್ಲ. ಕೇಳಿರೋದ್ನ ಬುಡಬ್ಯಾಡ.

ಕದರಮ್ಮ

*

ಗುಬ್ಬಿ
೧೮ ಮೇ ೨೦೨೫, ಭಾನುವಾರ

ಇಂಪನಾ,

ಈ ಕಾಗದಕ್ಕೆ ಸಭೆ ಬೇಡ.

ಇವತ್ತು ಬೆಳಿಗ್ಗೆ ಪೂಜೆ ಗದೆಯ ಗುಂಡನ್ನು ಕಳಚಿ ತೊಟ್ಟಿಯ ಹತ್ತಿರ ತಂದೆ. ಕದರಮ್ಮ ತಕ್ಕಡಿ ಹಿಡಿದಳು, ನಾನು ಓದಿದೆ. ಗಾಳಿಯಲ್ಲಿ ೪ ಕೆ.ಜಿ. ೮೪೦ ಗ್ರಾಂ. ನೀರಿನಲ್ಲಿ ೪ ಕೆ.ಜಿ. ೩೦೦ ಗ್ರಾಂ. ನಾನು ಭಾಗಿಸಿಲ್ಲ. ಒಂಬತ್ತರ ಹತ್ತಿರ ಬರುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ನಿನ್ನ ಸಾಲಿನಲ್ಲಿ ಅಲ್ಲಿ ಮೂವರು ಭುಜಕ್ಕೆ ಭುಜ ಕೊಟ್ಟು ನಿಂತಿದ್ದಾರೆ. ಯಾರು ಅಂತ ಸಂಖ್ಯೆ ಹೇಳದಿದ್ದರೂ ನಾನು ಹೇಳುತ್ತೇನೆ: ತಾಮ್ರ. ಬಣ್ಣ ಕೆರೆದು ನೋಡಿದೆ. ಆ ದಿನ ನನ್ನ ಕೈಯಲ್ಲಿದ್ದದ್ದು ಇದು.

ಚೌಕಿಯಲ್ಲಿ ಪೂಜೆ ಮುಗಿದಿತ್ತು. ಬಣ್ಣದ ತಿಮ್ಮರಾಜು ನನಗೆ ಮೀಸೆ ಅಂಟಿಸುತ್ತಿದ್ದ. ನಿಮ್ಮಪ್ಪ ಕಿರೀಟ ಕಟ್ಟಿಸಿಕೊಂಡು ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ, "ಏನ್ಲಾ ಅಂಜ್ನಾ, ನಿನ್ ಗದೆ ಸದ್ದು ಯಾರೋ ಎಣ್ಣೆ ಡಬ್ಬ ಬಡ್ದಂಗ್ ಕೇಳುತ್ತೆ ಕಣೋ. ಜನ ಯುದ್ಧ ನೋಡಕ್ ಬಂದವ್ರೋ, ಗುಜರಿ ಅಂಗ್ಡಿಗ್ ಬಂದವ್ರೋ?" ಅಂದ.

ತಿಮ್ಮರಾಜು, "ಬುಡಣ್ಣ, ಅಂಜನಣ್ಣಂಗೆ ಎಪ್ಪತ್ತಾಯ್ತು. ಇನ್ನೇನಿದ್ರೂ ತಗಡೇ" ಅಂದ. ಚೌಕಿಗೆ ಚೌಕಿಯೇ ನಕ್ಕಿತು. ನಾನೂ ನಕ್ಕೆ. ನಲವತ್ತು ವರ್ಷ ನಾವಿಬ್ಬರೂ ಆಡಿಕೊಂಡ ಮಾತುಗಳಲ್ಲಿ ಅದು ಅತಿ ಸಣ್ಣದು. ಆದರೂ ಅವರೆಲ್ಲ ಅತ್ತ ತಿರುಗಿದಾಗ ನಾನು ಪೂಜೆ ಗದೆಯ ಹೂವು ತೆಗೆದು ಪಕ್ಕಕ್ಕಿಟ್ಟೆ. ನೆಲಕ್ಕೆ ಒಂದು ಸಲ ಕುಕ್ಕಿ ಸದ್ದು ತೋರಿಸೋಣ, ಅಷ್ಟೇ ಅಂದುಕೊಂಡೆ.

ಮೂರನೇ ಅಂಕದಲ್ಲಿ ರಂಗದ ಮೇಲೆ ಕುಕ್ಕಿದೆ. ಹಲಗೆ ಗುಡುಗಿತು. ಜನ ಸಿಳ್ಳೆ ಹೊಡೆದು ಎದ್ದು ನಿಂತರು. ಇಂಪನಾ, ಅಂಥ ಚಪ್ಪಾಳೆ ನನಗೆ ಮೂವತ್ತು ವರ್ಷದಿಂದ ಬಿದ್ದಿರಲಿಲ್ಲ. ಆಮೇಲಿನದು ಪಕ್ಕೆಯ ಏಟು. ತಗಡಿನ ಗದೆಯಾದರೆ ಮೈಗೆ ನಾಲ್ಕು ಬೆರಳು ದೂರದಲ್ಲಿ ಮಣಿಕಟ್ಟು ಹಿಡಿದು ನಿಲ್ಲಿಸುತ್ತದೆ, ಸದ್ದನ್ನು ತಬಲದವರು ಕೊಡುತ್ತಾರೆ. ನನ್ನ ಮಣಿಕಟ್ಟು ಕಲಿತದ್ದು ಆ ಹಗುರವನ್ನು. ತಾಮ್ರ ನಿಲ್ಲಲಿಲ್ಲ.

ಬೀಳುವಾಗ ಅವನು ನನ್ನ ಕಿವಿಯ ಹತ್ತಿರ, "ಇದ್ಯಾವ್ದ್ಲಾ?" ಅಂದ. ಅಷ್ಟೇ.

ಜನ "ಒನ್ಸ್ ಮೋರ್" ಅಂದರು. ಮೇಳದಲ್ಲಿ ಒನ್ಸ್ ಮೋರ್ ಬಿದ್ದರೆ ಸತ್ತ ಪಾತ್ರವೂ ಎದ್ದು ಇನ್ನೊಮ್ಮೆ ಸಾಯಬೇಕು. ನಾವಿಬ್ಬರೂ ಬೆಳೆದದ್ದೇ ಹಾಗೆ. ಅವನು ಮೊಣಕಾಲೂರಿ ಎದ್ದ. ಬಣ್ಣದ ಕೆಳಗೆ ಮುಖ ಬಿಳಿಚಿತ್ತು. ನಾನು ನಿಂತೆ. "ಜನ ಕೇಳ್ತವ್ರೆ. ಹೊಡಿ" ಅಂದ. ಹೊಡೆದೆ. ಅದೇ ಜಾಗಕ್ಕೆ. ಈ ಸಲ ಕೈ ತಡೆದೆನೇ ಅಂತ ಆರು ತಿಂಗಳಿಂದ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ತಡೆಯಲಿಲ್ಲ. ಚಪ್ಪಾಳೆ ಬೇಕಿತ್ತು.

ಆದರೆ ಇದಲ್ಲ ಮಗಳೇ ನನ್ನನ್ನು ತಿನ್ನುತ್ತಿರುವುದು. ಬುಧವಾರ, ಮೂರನೇ ದಿನ, ಹೊಟ್ಟೆನೋವು ಅಂತ ಅವನನ್ನು ಸೇರಿಸಿದ್ದ ನರ್ಸಿಂಗ್ ಹೋಮಿಗೆ ನಾನು ನೋಡಲು ಹೋಗಿದ್ದೆ. ಚೆನ್ನಮ್ಮ ಎಳನೀರು ತರಲು ಇಳಿದಿದ್ದಳು. ಡಾಕ್ಟರು ಬಂದು ಹೊಟ್ಟೆ ಒತ್ತಿ, "ಎಲ್ಲಾದ್ರೂ ಬಿದ್ರಾ? ಏಟುಗೀಟು?" ಅಂತ ಕೇಳಿದರು. ನಿಮ್ಮಪ್ಪ ನನ್ನ ಕಡೆ ನೋಡಿದ. ಹೇಳುವುದಾದರೆ ನೀನು ಹೇಳು ಅನ್ನುವ ಹಾಗೆ ನೋಡಿದ. ನಾನು ಏನಂದೆ ಗೊತ್ತೇ? "ನಾಟ್ಕದಲ್ಲಿ ಗದೆ ಏಟು ಸಾರ್, ತಗಡಿಂದು" ಅಂದೆ. ಡಾಕ್ಟರು ನಕ್ಕು ಗ್ಯಾಸ್ಟ್ರಿಕ್ಕಿಗೆ ಮಾತ್ರೆ ಬರೆದರು. ನಿಮ್ಮಪ್ಪ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಮಾರನೆಯ ಬೆಳಿಗ್ಗೆ ಹೋದ.

ಆಗ ತಾಮ್ರ ಅಂದಿದ್ದರೆ ಸ್ಕ್ಯಾನ್ ಮಾಡಿಸುತ್ತಿದ್ದರೋ ಏನೋ. ಒಳಗೆ ಒಡೆದದ್ದು ಕಾಣುತ್ತಿತ್ತೋ ಏನೋ. ಆ ಒಂದು ಪದವನ್ನು ನಾನು ನುಂಗಿದೆ. ನಿನಗೂ ಅದೇ ತಗಡನ್ನು ಬರೆದೆ, ಆಮೇಲೆ ೨.೯೯ ಬರೆದೆ. ಹಗುರವಾದದ್ದನ್ನು ಹುಡುಕಿ ಹುಡುಕಿ ಆರಿಸಿಕೊಂಡೆ. ಚೆನ್ನಮ್ಮ ಪಾತ್ರೆ ಹೂತಳು ಅಂತ ಓದಿದ ಮೇಲೂ ಮೂರು ತಿಂಗಳು ಸುಮ್ಮನೆ ಕೂತೆ. ದಿನಾ ಅವನು ಬಂದು ಬಾಗಿಲ ಪಕ್ಕ ನಿಂತ. ಇವತ್ತು ತೂಗುವಾಗಲೂ ನಿಂತಿದ್ದ. ಕದರಮ್ಮನಿಗೆ ಇದನ್ನೆಲ್ಲ ಹೇಳಿದೆ, ನಾಳೆ ಕುಣಿಗಲ್ಲಿಗೆ ಹೋಗುವುದನ್ನೂ ಹೇಳಿದೆ. ಅವಳು ತಕ್ಕಡಿ ಕೆಳಗಿಟ್ಟು, "ನಾನೂ ಬತ್ತೀನಿ" ಅಂದಳು. ಬೇಡ ಅಂದಿದ್ದೇನೆ.

ನಾಳೆ ಸೋಮವಾರ. ಬೆಳಿಗ್ಗೆ ಆರರ ಬಸ್ಸಿಗೆ ಗುಬ್ಬಿಯಿಂದ ಹೊರಡುತ್ತೇನೆ. ತುಮಕೂರಿನಲ್ಲಿ ಇಳಿದು ಈ ಕಾಗದವನ್ನು ನಿನ್ನ ಕಾಲೇಜಿನ ವಾಚ್‌ಮನ್ ಕೈಗೆ ಕೊಡುತ್ತೇನೆ. ನಿನ್ನನ್ನು ಕರೆಸುವುದಿಲ್ಲ. ನಿನ್ನ ಮುಖ ನೋಡಿದರೆ ಮತ್ತೆ ಮಾತು ಕಟ್ಟಲು ಶುರುಮಾಡುತ್ತೇನೆ. ಅಲ್ಲಿಂದ ಹೆಬ್ಬೂರಿನ ಮೇಲಿನ ಬಸ್ಸು ಹಿಡಿದು ಕುಣಿಗಲ್ಲಿಗೆ ಹೋಗುತ್ತೇನೆ. ಚೆನ್ನಮ್ಮ ಒಳಗೆ ಕರೆದರೂ ಹೊಸ್ತಿಲ ಆಚೆಯೇ ನಿಂತು, ಸಾರಿನಿಂದಲ್ಲ ತಾಯಿ, ನನ್ನಿಂದ ಅಂತ ಹೇಳುತ್ತೇನೆ. ಅವಳು ಕೇಳಿದಷ್ಟಕ್ಕೂ ಉತ್ತರ ಕೊಡುತ್ತೇನೆ. ಆಮೇಲೆ ಗೋಣಿಚೀಲ ಎತ್ತಿಕೊಂಡು ಪೊಲೀಸ್ ಸ್ಟೇಷನ್ನಿಗೆ ನಡೆದು ಹೋಗಿ, ಗುಂಡನ್ನು ಮೇಜಿನ ಮೇಲಿಟ್ಟು, ಬರೆದುಕೊಳ್ಳಿ ಅನ್ನುತ್ತೇನೆ.

ಅಂಜನಮೂರ್ತಿ